ಎರಡನೇ ಸಲ ಬಡಿಸಿದ್ದರ ರೇಟು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವರ್ಷಗಟ್ಟಲೆ ಹುಣಸೆಹಣ್ಣಿನ ಬೀಜ ಬಿಡಿಸಿ ಬಿಡಿಸಿ ಹಾಗಾಗಿದ್ದು. ಆ ಸೀಳಿನೊಳಗೆ ಬೆಳಗಿನ ಪೂಜೆಯ ವಿಭೂತಿ ಸೇರಿಕೊಂಡು ಸಂಜೆಯವರೆಗೂ ಬೆಳ್ಳಗೆ ಒಂದು ಗೆರೆ ಇರುತ್ತಿತ್ತು. ಆ ಹೆಬ್ಬೆರಳಿನಿಂದಲೇ ಅವರು ಟೀವಿ ರಿಮೋಟಿನ ಮ್ಯೂಟ್ ಗುಂಡಿ ಒತ್ತುತ್ತಿದ್ದರು. ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿದ್ದರೂ ಆ ಒಂದು ಗುಂಡಿಯ ಮೇಲೆ ಮಾತ್ರ ಕವರ್ ತೂತಾಗಿತ್ತು. ಅದೇ ರಿಮೋಟು ಈಗಲೂ ನಮ್ಮ ಮನೆಯಲ್ಲಿದೆ.

ಭಾನುವಾರ ಸಂಜೆ ಬರುವ ವ್ಯಾಪಾರದ ಸ್ಪರ್ಧೆ ಎಂದರೆ ಅವರಿಗೆ ಪ್ರಾಣ. ಹುಡುಗರು, ಹೆಂಗಸರು, ಕೆಲಸ ಬಿಟ್ಟವರು, ಎಲ್ಲರನ್ನೂ ಸೇರಿಸಿ ಎರಡು ತಂಡ ಮಾಡುತ್ತಾರೆ. ವಾರಕ್ಕೊಂದು ವ್ಯಾಪಾರ ಕೊಡುತ್ತಾರೆ. ಸೋತ ತಂಡದಿಂದ ಒಬ್ಬರನ್ನು ಮನೆಗೆ ಕಳಿಸುತ್ತಾರೆ. ಕಳಿಸುವವನು ಉದ್ದನೆಯ ಮೇಜಿನ ಹಿಂದೆ ಕೋಟು ಹಾಕಿಕೊಂಡು ಕೂರುವ ದೊಡ್ಡ ಉದ್ಯಮಿ. ನಮ್ಮ ಮನೆಯಲ್ಲಿ ಅವನಿಗೆ ಕೋಟಿನವನು ಎಂದೇ ಹೆಸರು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಅಂದರೆ ಇನ್ನು ತೀರ್ಪು ಹೇಳುತ್ತಾನೆ ಅಂತ. ಸರಿಯಾಗಿ ಆ ಹೊತ್ತಿಗೇ ಜಾಹೀರಾತು ಬಿಡುತ್ತಿದ್ದರು. ಅತ್ತೆ ಸೌಂಡ್ ನಿಲ್ಲಿಸುತ್ತಿದ್ದರು.

"ಮೊದ್ಲು ನೀವು ಹೇಳ್ರಿ. ಆಮೇಲೆ ಅವ್ನು ಹೇಳ್ಲಿ" ಎನ್ನುತ್ತಿದ್ದರು.

ಜಾಹೀರಾತು ಮುಗಿಯುವಷ್ಟರಲ್ಲಿ ಕೂತವರೆಲ್ಲ ಯಾರು ಹೋಗಬೇಕು, ಯಾಕೆ ಹೋಗಬೇಕು ಎಂದು ಹೇಳಬೇಕಿತ್ತು. ಗೊತ್ತಿಲ್ಲ ಎನ್ನುವಂತಿರಲಿಲ್ಲ. ಅಮ್ಮ ಹೇಳಿದ ಹಾಗೆ ಎಂದು ಮಗ ಜಾರಿಕೊಳ್ಳುವಂತಿರಲಿಲ್ಲ. ಪಾಪ ಎನ್ನುವುದಂತೂ ಖಂಡಿತ ಆಗದು. "ಪಾಪ ಅನ್ನೋರು ಎದ್ದೋಗಿ ಕಾಫಿ ಮಾಡ್ರಿ" ಎನ್ನುತ್ತಿದ್ದರು. ಹೆಚ್ಚಿನ ಭಾನುವಾರ ಕಾಫಿ ಮಾಡುತ್ತಿದ್ದವಳು ನಾನೇ.

ಆ ಕೂಟದಲ್ಲಿ ಇದ್ದವರು ಕೆಲವೇ ಜನ. ನನ್ನ ಗಂಡ; ಮಾರ್ಕೋನಹಳ್ಳಿ ಡ್ಯಾಮಿನ ಕಚೇರಿಯಲ್ಲಿ ಅವರಿಗೆ ಕೆಲಸ, ವಾರವೆಲ್ಲ ಬಸ್ಸಿನಲ್ಲಿ ಓಡಾಡಿ ಭಾನುವಾರ ನಿದ್ದೆಗಣ್ಣಿನಲ್ಲೇ ಇರುತ್ತಿದ್ದರು. ಕುಣಿಗಲ್‌ಗೆ ಕೊಟ್ಟಿರುವ ನಾದಿನಿ, ತಾಯಿಯನ್ನು ನೋಡುವ ನೆಪದಲ್ಲಿ ಷೋ ನೋಡಲು ಬರುತ್ತಿದ್ದಳು. ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಷ್ಟ್ರು. ಮೇಷ್ಟ್ರು ಲೀಡರ್‌ಶಿಪ್ಪು, ಸ್ಟ್ರಾಟಜಿ ಎಂದು ಶುರು ಮಾಡಿದರೆ ಅತ್ತೆ ಕೈ ಅಡ್ಡ ಹಿಡಿಯುತ್ತಿದ್ದರು. "ಅದೆಲ್ಲ ಬುಡಿ ಮೇಷ್ಟ್ರೇ. ಸೊಪ್ಪು ಮಾರಕ್ಕೆ ಹೋದೋನು ಸೊಪ್ಪಿಗೆ ಒಂದ್ಸಲನಾದ್ರೂ ನೀರು ಚುಮುಕಿಸಿದ್ನಾ? ಬಾಡಿದ್ದನ್ನ ಯಾರ್ ತಗೋತಾರೆ?"

ಅವರ ಲೆಕ್ಕ ಯಾವಾಗಲೂ ಸರಿ ಇರುತ್ತಿತ್ತು ಅಂತಲ್ಲ. ನೆಟ್ಟಗೆ ನಿಂತು ಮಾತಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ ಒಬ್ಬಳು ಹುಡುಗಿಯನ್ನು ಮೊದಲ ವಾರದಿಂದ ಹೊತ್ತು ಮೆರೆಸಿದರು. ಅವಳು ಮೂರನೇ ವಾರ ತಂಡದವರಿಗೇ ಸುಳ್ಳು ಹೇಳಿ ಸಿಕ್ಕಿಬಿದ್ದು ಹೊರಟಳು. ಮೇಷ್ಟ್ರು ಮೀಸೆಯಲ್ಲೇ ನಕ್ಕರು. ಅತ್ತೆ ಒಪ್ಪಲಿಲ್ಲ. "ಕೋಟಿನವ್ನಿಗೆ ಕಣ್ಣು ನೆಟ್ಟಗಿಲ್ಲ, ಅದ್ಕೇ ಕನ್ನಡಕ ಹಾಕವ್ನೆ" ಎಂದು ಹೇಳಿ ಎದ್ದುಹೋದರು.

ನಾನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯವಳು. ಮದುವೆಯಾಗಿ ತುಮಕೂರಿಗೆ, ಶೆಟ್ಟಿಹಳ್ಳಿಯ ಈ ಮನೆಗೆ ಬಂದೆ. ಬಂದ ಹೊಸತರಲ್ಲಿ ನೆಂಟರಿಗೆ ಬಡಿಸುತ್ತಾ, ಯಾರೋ ಸಾಕಮ್ಮ ಎಂದರೆಂದು ಸೌಟು ಹಿಂದಕ್ಕೆ ತೆಗೆದುಕೊಂಡಿದ್ದೆ. ಅತ್ತೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ಸಾಕು ಅನ್ನೋದು ಮಾತಿಗೆ ಕಣಮ್ಮ. ಸಾಕು ಅಂದ್ಮೇಲೂ ಒಂದ್ಸಲ ಬಡಿಸ್ಬೇಕು. ಎಲೆ ಮುಂದೆ ಕೂತೋರ್ನ ನಾವಾಗಿ ಎಬ್ಬಿಸ್ಬಾರ್ದು." ಅವರ ತವರಿನಲ್ಲಿ ಮಠದ ಸ್ವಾಮಿಗಳು ಬಂದರೂ, ತೆಂಗಿನಕಾಯಿ ಕೀಳುವವರು ಬಂದರೂ ಅದೇ ಪದ್ಧತಿಯಂತೆ. ನನಗೆ ಅದು ಅಭ್ಯಾಸವಾಗಿಹೋಯಿತು. ಆಮೇಲಾಮೇಲೆ ಯಾರ ಎಲೆ ಖಾಲಿ ಇದ್ದರೂ ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು.

ಮನೆಯ ಮುಂಭಾಗಕ್ಕೆ ಒಂದು ಷಟರ್ ಇದೆ. ಅಲ್ಲಿ ಮಾವನವರು ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಬೀಗ ಹಾಕಿ, ಕೀಲಿಯನ್ನು ದೇವರ ಮನೆಯ ಮೊಳೆಗೆ ನೇತುಹಾಕಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ತೆಗೆದು, ಹಳೇ ತಕ್ಕಡಿಗೆ ವಿಭೂತಿ ಹಚ್ಚಿ, ಮತ್ತೆ ಮುಚ್ಚುತ್ತಿದ್ದರು. ಬಾಡಿಗೆಗೆ ಕೇಳಿದವರಿಗೆಲ್ಲ ಇಲ್ಲ ಅಂದರು. ನಾನು ಆಗ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ದಿನವಿಡೀ ರಶೀದಿ ಹರಿದು ಕೊಡುವ ಕೆಲಸ. ಬೇಸತ್ತಿದ್ದೆ. ಆ ಷಟರ್‌ನಲ್ಲಿ ಒಂದು ಊಟದ ಮೆಸ್ ಇಡಬೇಕೆಂಬುದು ನನ್ನ ಆಸೆ. ಎಷ್ಟು ಸಲ ಕೇಳಿದರೂ ಅತ್ತೆ "ನೋಡಾಣ" ಎನ್ನುತ್ತಿದ್ದರು. ನೋಡಾಣ ಎಂದರೆ ನಮ್ಮ ಕಡೆ ಇಲ್ಲ ಎಂದೇ ಲೆಕ್ಕ.

ಷೋಗೆ ಹೊಸಬರನ್ನು ಕರೆಯುತ್ತಿದ್ದಾರೆ ಎಂದು ಟೀವಿಯಲ್ಲಿ ಬಂದಾಗ ನಾದಿನಿ ತಮಾಷೆಗೆ ನನ್ನ ವಿಡಿಯೋ ಮಾಡಿ ಕಳಿಸಿದಳು. ಅದು ತಮಾಷೆಯಾಗಿ ಉಳಿಯಲಿಲ್ಲ. ಬೆಂಗಳೂರಿಗೆ ಕರೆದರು, ಮಾತಾಡಿಸಿದರು, ಆಯ್ಕೆಯೂ ಆಯಿತು. ಹೋಗಲೋ ಬೇಡವೋ ಎಂದು ನಾನು ಮೀನಮೇಷ ಎಣಿಸುತ್ತಿದ್ದಾಗ ಅತ್ತೆ ಅಂದರು: "ಇಲ್ಲಿ ಕೂತು ಊರೋರ ತಪ್ಪೆಲ್ಲ ಹೇಳ್ತೀವಲ್ಲ, ಹೋಗು. ಅಲ್ಲಿ ನೀನು ಏನ್ ಮಾಡ್ತೀಯ ಅಂತ ಟೀವಿಲಿ ನೋಡಿ, ಆಮೇಲೆ ಕೀಲಿ ವಿಷ್ಯ ಹೇಳ್ತೀನಿ."

ಹಾಗೆ ನನ್ನ ಮೆಸ್ಸು ಆ ಷೋ ಮೇಲೆ ನಿಂತಿತು. ಬಹುಮಾನದ ಯೋಚನೆಯೇ ನನಗಿರಲಿಲ್ಲ. ಕೋಟಿನವನ ಕೈಯಲ್ಲಿ ಬಚಾವಾದರೂ ಮನೆಯಲ್ಲಿ ರಿಮೋಟು ಹಿಡಿದು ಕೂತವರ ಕೈಯಲ್ಲಿ ಬಚಾವಾಗಬೇಕಲ್ಲ, ಅದೇ ಯೋಚನೆ.

ಮೊದಲೆರಡು ವ್ಯಾಪಾರದಲ್ಲಿ ನಮ್ಮ ತಂಡ ಗೆದ್ದಿತು. ಮುಂದಿನದು ಊಟದ ವ್ಯಾಪಾರ. ಬಸ್ ಸ್ಟ್ಯಾಂಡಿನ ಹತ್ತಿರ ಎರಡು ತಂಡಕ್ಕೂ ಒಂದೊಂದು ಜಾಗ, ಸಮನಾದ ಸಾಮಾನು, ಮಧ್ಯಾಹ್ನದ ಹೊತ್ತು ಮಾತ್ರ ಸಮಯ. ಊಟ ನನಗೆ ಗೊತ್ತು ಎಂದು ನಾನೇ ಮುಂದೆ ನಿಂತೆ. ಜನ ಬರಲಿ ಎಂದು ರೇಟು ಕಡಿಮೆ ಇಟ್ಟೆ. ಜನವೂ ಬಂದರು. ಕೂರಿಸಿ ಎಲೆ ಹಾಕಿ ಬಡಿಸಿದೆ. ಸಾಕು ಎಂದವರಿಗೂ ಬಡಿಸಿದೆ. ಒಬ್ಬ ಡ್ರೈವರ್ ಮಜ್ಜಿಗೆ ಕುಡಿಯುತ್ತಾ ಆರಾಮಾಗಿ ಕೂತ. ಏಳಿ ಎನ್ನಲು ನನಗೆ ಬಾಯೇ ಬರಲಿಲ್ಲ. ಇನ್ನೂ ಸಾಲು ನಿಂತಿರುವಾಗಲೇ ಅನ್ನ ಮುಗಿಯಿತು. ಆ ಕಡೆ ತಂಡದವರು ಡಬ್ಬಿಯಲ್ಲಿ ತುಂಬಿ ಕೈಗೆ ಕೊಟ್ಟು ಕಳಿಸುತ್ತಿದ್ದರು. ನಮ್ಮ ಸಾಲು ಅಲ್ಲಿಗೆ ಹೋಯಿತು. ಸೋತೆವು. ಕೋಟಿನವನು ನನ್ನನ್ನು ಹೊರಡಿ ಅಂದ.

ಹೊರಟವರನ್ನು ಮನೆಗೆ ಬಿಡುವುದಿಲ್ಲ. ಊರಿಗೆ ಬೇಗ ಬಂದರೆ ಗುಟ್ಟು ಗೊತ್ತಾಗುತ್ತದೆ ಎಂದು, ಶೂಟಿಂಗ್ ಎಲ್ಲ ಮುಗಿಯುವವರೆಗೂ ಒಂದು ಹೋಟೆಲ್ ರೂಮಿನಲ್ಲಿ ಇಟ್ಟಿದ್ದರು. ಊಟ ರೂಮಿಗೇ ಬರುತ್ತಿತ್ತು. ನಾನು ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದೆ. ದುಃಖ ಅಂತಲೂ ಅಲ್ಲ, ಮೈಯೆಲ್ಲ ಜೋಮು ಹಿಡಿದ ಹಾಗಿತ್ತು. ಊರಿಗೆ ಬಂದ ಮೇಲೂ ಹಾಗೆಯೇ ಇದ್ದೆ. ಟೀವಿಯಲ್ಲಿ ಬರುವ ತನಕ ಬಾಯಿ ಬಿಡುವುದಿಲ್ಲ ಎಂದು ಸೈನ್ ಮಾಡಿದ್ದೆ. ಅತ್ತೆ ಒಮ್ಮೆಯೂ ಕೇಳಲಿಲ್ಲ. ಕೇಳಿದ ನಾದಿನಿಗೂ ಬೈದರು.

ಆ ಭಾನುವಾರ ಬಂತು. ಎಂದಿನಂತೆ ಎಲ್ಲರೂ ಕೂತರು. ಅತ್ತೆ ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಟೀವಿಯಲ್ಲಿ ನಾನು ಬಡಿಸುತ್ತಿದ್ದೆ. ಅನ್ನದ ಪಾತ್ರೆಯ ತಳ ಕೆರೆಯುವುದನ್ನು ಹತ್ತಿರದಿಂದ ತೋರಿಸಿದರು. ನಿಂತಿದ್ದ ಜನ ಆ ಕಡೆ ಹೋಗುವುದನ್ನೂ ತೋರಿಸಿದರು. ಹಿಂದೆ ಪಿಟೀಲು ಹಾಕಿದ್ದರು. ಆಮೇಲೆ ಮೇಜು, ಕೋಟಿನವನು, ಎದುರಿಗೆ ತಲೆ ತಗ್ಗಿಸಿದ ನನ್ನ ಮುಖ. ಕನ್ನಡಕ ತೆಗೆದ. ಜಾಹೀರಾತು ಬಂತು. ಅತ್ತೆ ಮೊರ ಪಕ್ಕಕ್ಕಿಟ್ಟು ಸೌಂಡ್ ನಿಲ್ಲಿಸಿದರು.

"ಮೊದ್ಲು ನೀ ಹೇಳ್ಲಾ" ಎಂದರು ಮಗನಿಗೆ.

ನನ್ನ ಗಂಡ ನನ್ನ ಕಡೆ ನೋಡದೆ ಹೇಳಿದರು. "ತಂಡದಲ್ಲಿರೋ ಆ ಗಡ್ಡದ ಹುಡ್ಗ ಹೋಗ್ಬೇಕು. ಬೆಳಗ್ಗೆಯಿಂದ ಫೋನ್ ಹಿಡ್ಕೊಂಡೇ ನಿಂತಿದ್ದ."

"ಅತ್ತಿಗೆನ ಯಾಕ್ ಕಳಿಸ್ತಾರೆ?" ಎಂದಳು ನಾದಿನಿ. "ಜನ ಎಷ್ಟು ಖುಷಿಯಾಗಿ ಉಂಡ್ರು ನೋಡ್ಲಿಲ್ವಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಲಾಂಗ್ ಟರ್ಮಲ್ಲಿ ನೋಡಿದ್ರೆ ಅಮ್ಮ, ಗೆದ್ದಿರೋದು ಇವರೇ. ಉಂಡೋರು ಮತ್ತೆ ಬರ್ತಾರೆ."

ಅತ್ತೆ ನನ್ನ ಕಡೆ ತಿರುಗಿದರು. "ನೀನು?"

"ನಾನು ಹೇಳೋ ಹಂಗಿಲ್ಲ ಅತ್ತೆ. ಸೈನ್ ಮಾಡಿದೀನಿ."

"ಸರಿ, ನೀನು ಸುಮ್ನಿರು" ಎಂದು, ಟೀವಿ ಕಡೆ ನೋಡುತ್ತಾ ಅವರು ತಮ್ಮ ಮಾತು ಹೇಳಿದರು. "ಇವ್ಳೇ ಹೋಗ್ಬೇಕು."

ಪರದೆಯ ಮೇಲೆ ಯಾರೋ ಸದ್ದಿಲ್ಲದೆ ಸೋಪು ಉಜ್ಜಿಕೊಳ್ಳುತ್ತಿದ್ದರು. ಕೊನೆಗೆ ನಾದಿನಿಗೆ ತಡೆಯಲಾಗಲಿಲ್ಲ. "ಏನಮ್ಮ ನೀನು. ಸಾಕು ಅಂದೋರಿಗೂ ಬಡಿಸು ಅಂತ ಅತ್ತಿಗೆಗೆ ಕಲಿಸಿದ್ದೇ ನೀನು."

"ಹೂಂ ಕಣೇ, ಕಲಿಸ್ದೆ. ಬಡಿಸಿದ್ರಲ್ಲಿ ಏನೂ ತಪ್ಪಿಲ್ಲ, ಚೆನ್ನಾಗೇ ಬಡಿಸವ್ಳೆ. ಆದ್ರೆ ತಾನು ಎರಡ್ನೇ ಸಲ ಬಡಿಸೋಳು ಅಂತ ಇವ್ಳಿಗೆ ಮೊದ್ಲೇ ಗೊತ್ತಿತ್ತೋ ಇಲ್ವೋ? ಗೊತ್ತಿದ್ಮೇಲೆ ರೇಟಲ್ಲಿ ಅದನ್ನ ಸೇರಿಸ್ಬೇಕಿತ್ತು. ಒಂದ್ಸಲ ಬಡಿಸೋರ ರೇಟ್ ಹಾಕಿ ಎರಡ್ಸಲ ಬಡಿಸಿದ್ರೆ, ಜೊತೇಲಿದ್ದೋರ ದುಡ್ಡಲ್ಲಿ ಧರ್ಮ ಮಾಡ್ದಂಗೆ. ಹೋಗ್ಲಿ ಇವ್ಳು."

ಸೌಂಡ್ ಕೊಟ್ಟರು. ಕೋಟಿನವನು ನನ್ನನ್ನೇ ಹೊರಡಿ ಅಂದ. ವ್ಯಾಪಾರದಲ್ಲಿ ಭಾವನೆಗೆ ಜಾಗ ಇಲ್ಲ, ಒಬ್ಬರಿಗೆ ಒಂದೇ ಸಲ ಬಡಿಸಬೇಕಿತ್ತು ಎಂದು ಕಾರಣ ಕೊಟ್ಟ. ಅತ್ತೆಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ನೋಡ್ರಿ ಇವನ್ನ. ಕಳಿಸ್ಬೇಕಾದೋಳ್ನೇ ಕಳಿಸ್ದ, ಯಾಕೆ ಕಳಿಸ್ತಿದೀನಿ ಅಂತ ಮಾತ್ರ ಅವ್ನಿಗೇ ಗೊತ್ತಿಲ್ಲ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಎದ್ದು ಹೋಗಿ ಕಾಫಿ ಮಾಡಿದೆ. ಕುದಿಯುವ ಹಾಲು ನೋಡುತ್ತಾ ನಿಂತಿದ್ದೆ. ಇನ್ನು ಕೀಲಿ ಸಿಗುವುದಿಲ್ಲ ಎಂದು ಗೊತ್ತಾಯಿತು. ಅಳು ಬರಲಿಲ್ಲ.

ಊರಿನಲ್ಲಿ ಬೇರೆಯೇ ಆಯಿತು. ಹಾಲಿನ ಅಂಗಡಿಯಲ್ಲಿ, ಶಾಲೆಯ ಆಫೀಸಿನಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಎಲ್ಲ ಕಡೆ ನನ್ನ ಪರವಾಗಿಯೇ ವಾದ. ಹೊಟ್ಟೆ ತುಂಬ ಹಾಕಿದವಳನ್ನು ಕಳಿಸಿದರಲ್ಲ ಎಂದು ಗುಬ್ಬಿಯಿಂದೆಲ್ಲ ನೆಂಟರು ಫೋನ್ ಮಾಡಿದರು. ಬೀದಿಯ ಕೊನೆ ಮನೆಯ ಹೆಂಗಸು ಅತ್ತೆಯನ್ನು ಗೇಟಿನ ಹತ್ತಿರ ಹಿಡಿದು, "ನಿಮ್ಮ ಸೊಸೆಗೆ ಅನ್ಯಾಯ ಆಯ್ತು ಕಣ್ರೀ, ಎಂಥ ಒಳ್ಳೆ ಹುಡ್ಗಿ" ಅಂದಳು. ನಾನು ಕಿಟಕಿಯ ಪಕ್ಕದಲ್ಲೇ ಇದ್ದೆ. "ಒಳ್ಳೇವ್ಳೇ. ಅನ್ಯಾಯ ಏನ್ ಬಂತು? ರೇಟ್ ತಪ್ಪು ಹಾಕಿದ್ಲು, ಹೋದ್ಲು" ಎಂದು ಅತ್ತೆ ಗೇಟು ಹಾಕಿಕೊಂಡರು. ಆಗ ಮಾತ್ರ ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಊರೆಲ್ಲ ಒಂದು ಮಾತು ಹೇಳುತ್ತಿರುವಾಗ ಮನೆಯವರಿಗೆ ಬಾಯಿಮಾತಿಗಾದರೂ ಪಾಪ ಅನ್ನಲು ಏನಾಗಿತ್ತು? ಕೆಲವು ದಿನ ಅವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆಗೆ ಬಂದು, ಹಿಟ್ಟಿನ ಪಾತ್ರೆಯ ಪಕ್ಕ ಷಟರ್ ಕೀಲಿ ಇಟ್ಟರು.

"ಇದ್ಯಾಕೆ? ಸೋತು ಬಂದಿದೀನಲ್ಲ" ಎಂದೆ. ನನ್ನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಸೋತಿದ್ದು ಯಾತಕ್ಕೆ ಅಂತ ಗೊತ್ತಾಯ್ತಲ್ಲ. ಬಡಿಸೋ ಕೈ ಕೆಟ್ಟದ್ದಾಗಿದ್ರೆ ನಾನೇನ್ ಮಾಡಕ್ಕಾಯ್ತಿತ್ತು? ರೇಟ್ ತಾನೆ, ಕೂತ್ಕೊಂಡು ಸರಿ ಮಾಡಾಣ ಬಾ."

ನಾನು ಕೀಲಿಯನ್ನೇ ನೋಡುತ್ತಾ ನಿಂತೆ. ರೊಟ್ಟಿ ಸೀದ ವಾಸನೆ ಬಂದಾಗ ಅವರೇ ಒಲೆ ಆರಿಸಿದರು.

ರೇಟು ಹಾಕಲು ಅವರು ಮಾಡಿದ ಕೆಲಸ ನೆನೆದರೆ ಈಗಲೂ ನಗು ಬರುತ್ತದೆ. ಮಗನ ಕಚೇರಿಯವರನ್ನು, ಮೇಷ್ಟ್ರನ್ನು, ತೆಳ್ಳಗಿರುವವರು ದಪ್ಪಗಿರುವವರು ಎಂದು ಆರಿಸಿ ಆರಿಸಿ ಊಟಕ್ಕೆ ಕರೆಸಿದರು. ಮುದ್ದೆ, ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ. ನನ್ನನ್ನು ಬಡಿಸಲು ಬಿಟ್ಟು, ತಾವು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಸಾಕು ಎಂದ ಮೇಲೆ ಯಾರು ಎಷ್ಟು ಉಣ್ಣುತ್ತಾರೆ ಎಂದು ನೋಡಿದರು. ಮೇಷ್ಟ್ರು ಸಾಕು ಸಾಕು ಎನ್ನುತ್ತಲೇ ಇನ್ನೊಂದು ಇಡೀ ಮುದ್ದೆ ಮುಗಿಸಿದರು. "ಲಾಂಗ್ ಟರ್ಮ್ ಅಂದ್ರೆ ಇದೇನಾ ಮೇಷ್ಟ್ರೇ?" ಎಂದು ಕೇಳಿದರು ಅತ್ತೆ. ಅಂಥವರನ್ನೆಲ್ಲ ಲೆಕ್ಕಕ್ಕೆ ಹಿಡಿದೇ ರೇಟು ಬಿತ್ತು. ಅಕ್ಕಪಕ್ಕದ ಹೋಟೆಲಿನವರಿಗಿಂತ ಜಾಸ್ತಿ. ಮಾವನವರ ತಕ್ಕಡಿಯನ್ನು ಒಳಗಿನ ಕಪಾಟಿನ ಮೇಲೆ ಇಟ್ಟು, ಒಂದು ಸೋಮವಾರ ಷಟರ್ ಎತ್ತಿದೆವು. ನಾನು ಶಾಲೆಯ ಕೆಲಸ ಬಿಟ್ಟೆ. ಮೊದಮೊದಲು ಜನ ಬೋರ್ಡಿನಲ್ಲಿ ರೇಟು ನೋಡಿ ಮುಂದೆ ಹೋಗುತ್ತಿದ್ದರು. ಒಮ್ಮೆ ಉಂಡು ಹೋದವರು ಮತ್ತೆ ಬಂದರು, ಇನ್ನೊಬ್ಬರನ್ನೂ ಕರೆದುಕೊಂಡು ಬಂದರು. ಅತ್ತೆ ದಿನಾ ಅದೇ ಕುರ್ಚಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಾ ಎಲ್ಲರ ಎಲೆ ನೋಡುತ್ತಿದ್ದರು.

ಹೋದ ವರ್ಷ ಅವರಿಗೆ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯವರು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಟೀವಿ ಇರುವ ಕೋಣೆಯಲ್ಲೇ ಮಂಚ ಹಾಕಿದೆವು. ಷೋ ಬರುತ್ತಿತ್ತು, ಕೋಟಿನವನು ಕನ್ನಡಕ ತೆಗೆಯುತ್ತಿದ್ದ. ರಿಮೋಟು ಅವರ ಕೈಯಲ್ಲೇ ಇರುತ್ತಿತ್ತು, ಆದರೆ ಒತ್ತುತ್ತಿರಲಿಲ್ಲ. ಜಾಹೀರಾತು ಜೋರಾಗಿ ಓಡುತ್ತಿತ್ತು, ನಾವು ಸುಮ್ಮನೆ ಕೂತಿರುತ್ತಿದ್ದೆವು.

ಕೊನೆಯ ದಿನಗಳಲ್ಲಿ ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಮೆಸ್ಸಿನ ಗಲಾಟೆ ಮುಗಿಸಿ ಬಂದು ನಾನೇ ಚಮಚದಲ್ಲಿ ಕುಡಿಸುತ್ತಿದ್ದೆ. ಒಂದು ದಿನ ಎರಡು ಚಮಚಕ್ಕೇ "ಸಾಕು" ಎಂದರು. ನನ್ನ ಕೈ ನಿಲ್ಲಲಿಲ್ಲ. ಅಭ್ಯಾಸ. ಇನ್ನೊಂದು ಚಮಚ ತುಂಬಿ ಬಾಯಿಯ ಹತ್ತಿರ ಹಿಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, ಕಷ್ಟಪಟ್ಟು ಅದನ್ನು ನುಂಗಿದರು. ಆಮೇಲೆ ಸೀಳಿದ ಉಗುರಿನ ಆ ಹೆಬ್ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟರು.

"ಈಗ ನಿಜವಾಗ್ಲೂ ಸಾಕು ಕಣಮ್ಮ."

ಬಟ್ಟಲು ಕೆಳಗಿಟ್ಟೆ. ಅದಾದ ಮೇಲೆ ಅವರು ಏನೂ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಗಾಗುವ ಹೊತ್ತಿಗೆ ಹೋದರು.

ಗುಬ್ಬಿಯಲ್ಲಿರುವ ಮಾವನವರ ತೆಂಗಿನ ತೋಟದಲ್ಲಿ, ಅವರ ಪಕ್ಕದಲ್ಲೇ ಸಮಾಧಿ ಮಾಡಿದೆವು. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ತುಂಬಿ, ಮಣ್ಣು ಕೊಟ್ಟೆವು. ನಾದಿನಿ ಬಿದ್ದು ಹೊರಳಿ ಅತ್ತಳು. ನನ್ನ ಗಂಡ ತೆಂಗಿನ ಮರಕ್ಕೆ ಒರಗಿ ನಿಂತುಬಿಟ್ಟರು. ಮೇಷ್ಟ್ರು ಕೂಡ ಕಣ್ಣು ಒರೆಸಿಕೊಂಡರು. ನನಗೆ ಏನೂ ಆಗಲಿಲ್ಲ. ಆ ಹೋಟೆಲ್ ರೂಮಿನಲ್ಲಿ ಗೋಡೆ ನೋಡುತ್ತಾ ಕೂತಿದ್ದೆನಲ್ಲ, ಹಾಗೆಯೇ ಇತ್ತು. ಕಾರ್ಯದ ದಿನ ಬಂದವರಿಗೆಲ್ಲ ನಾನೇ ಬಡಿಸಿದೆ. ಕಲ್ಲಿನಂಥವಳು ಎಂದು ಯಾರೋ ಅಂದದ್ದು ಕೇಳಿಸಿತು. ಇರಬಹುದು.

ಮಾರನೆಯ ವಾರ ಷಟರ್ ತೆಗೆದೆ. ಕುರ್ಚಿ ಬಾಗಿಲ ಪಕ್ಕದಲ್ಲೇ ಇದೆ, ಜಾಗ ಸಾಲದಿದ್ದಾಗ ಗಿರಾಕಿಗಳು ಕೂರುತ್ತಾರೆ. ಭಾನುವಾರ ಕೋಟಿನವನು ಕನ್ನಡಕ ತೆಗೆದಾಗ ನಾನು ಸೌಂಡ್ ನಿಲ್ಲಿಸುತ್ತೇನೆ. ಮೊದಲು ಮಾತಾಡುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಅಷ್ಟರಲ್ಲಿ ಜಾಹೀರಾತು ಮುಗಿದಿರುತ್ತದೆ.

"ಅಕ್ಕ, ನಿಮ್ದು ರೇಟ್ ಸ್ವಲ್ಪ ಜಾಸ್ತಿ ಆಯ್ತು" ಎಂದು ಹೊಸಬರು ಹೇಳುತ್ತಾರೆ. ಮೊದ್ಲು ಕೂತು ಉಣ್ಣಿ ಅನ್ನುತ್ತೇನೆ. ಉಣ್ಣುತ್ತಾರೆ, ಸಾಕು ಅನ್ನುತ್ತಾರೆ. ಮುಂಚೆಯಾದರೆ ನನ್ನ ಕೈ ತಾನೇ ಮುಂದೆ ಹೋಗುತ್ತಿತ್ತು. ಈಗ ಸಾಕು ಎಂಬ ಮಾತು ಕಿವಿಗೆ ಬಿದ್ದರೆ ಸೌಟು ಅಲ್ಲೇ ನಿಲ್ಲುತ್ತದೆ. ಮಣಿಕಟ್ಟಿನ ಮೇಲೆ ಆ ಹೆಬ್ಬೆರಳು ಇನ್ನೂ ಇರುವ ಹಾಗೆ ಅನಿಸುತ್ತದೆ. ಕೂತವರ ಮುಖ ನೋಡುತ್ತೇನೆ, ನಿಜವಾಗಲೂ ಸಾಕಾ ಎಂದು ಕೇಳುತ್ತೇನೆ. ಅವರು ನಗುತ್ತಾರೆ. ಆಮೇಲೆ ಬಡಿಸುತ್ತೇನೆ. ರೇಟಿನಲ್ಲಿ ಅದೂ ಸೇರಿದೆ.